ಗೇಟಿನ ಬಳಿ ಅಳೆದ ಧೂಳಿನ ವರದಿ ಕ್ರಷರ್ ಕಾರ್ಮಿಕರಿಗೆ ಅನ್ವಯಿಸುತ್ತದೆಯೇ?

ಚಿಕ್ಕಬಳ್ಳಾಪುರದ ಬಳಿಯ ಜಲ್ಲಿ ಕ್ರಷರ್‌ನಲ್ಲಿ ನಿಮ್ಮ ತಮ್ಮ ಜರಡಿಯ ಪಕ್ಕದಲ್ಲೇ ಕೆಲಸ ಮಾಡುತ್ತಾರೆಂದೂ, ಗೇಟಿನ ಬಳಿ ಯಂತ್ರವಿಟ್ಟು ಅಳೆದವರು ಧೂಳು ಮಿತಿಯೊಳಗಿದೆ ಎಂದು ವರದಿ ಕೊಟ್ಟಿದ್ದಾರೆಂದೂ ತಿಳಿಸಿ, ಅದನ್ನು ನಂಬಬಹುದೇ ಎಂದು ಕೇಳಿದ್ದೀರಿ. ವರದಿ ಸುಳ್ಳಿರಲಾರದು, ಆದರೆ ನಿಮ್ಮ ತಮ್ಮ ಉಸಿರಾಡುವ ಗಾಳಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಈ ಭಾಗದ ಕಲ್ಲಿನ ಘಟಕಗಳಲ್ಲಿ ಇದೇ ಅಳತೆಯ ಕೆಲಸ ಮಾಡುವ ನನಗೆ ಈ ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆ.

ಗೇಟಿನ ಯಂತ್ರ ಲೆಕ್ಕ ಹಾಕುವುದು ಸುತ್ತಲಿನ ಗಾಳಿಗೆ ಸೇರುವ ಒಟ್ಟು ಧೂಳನ್ನು. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದು ಸುಮಾರು 4 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಲ್ಲಿರುವ ಸ್ಫಟಿಕ ರೂಪದ ಸಿಲಿಕಾ, ಅಂದರೆ ನಮ್ಮ ಗ್ರಾನೈಟಿನಲ್ಲಿ ಧಾರಾಳವಾಗಿರುವ ಕ್ವಾರ್ಟ್ಜ್. ಇಷ್ಟು ಸಣ್ಣ ಕಣ ಕಣ್ಣಿಗೆ ಬೀಳುವುದಿಲ್ಲ, ಮೂಗಿಗೆ ಕಟ್ಟಿದ ಟವೆಲ್‌ಗೂ ನಿಲ್ಲುವುದಿಲ್ಲ.

ಆದ್ದರಿಂದ ಅಳತೆ ಕಾರ್ಮಿಕರ ಮೈಮೇಲೆಯೇ ಆಗಬೇಕು. ಸೊಂಟದ ಬೆಲ್ಟಿಗೆ ಬ್ಯಾಟರಿ ಪಂಪು ಸಿಕ್ಕಿಸಿ, ಅದರ ಕೊಳವೆಯನ್ನು ಬೆನ್ನಿನ ಮೇಲಿಂದ ತಂದು, ಮೂಗಿನಿಂದ 30 ಸೆಂಟಿಮೀಟರ್ ಒಳಗೆ, ಅಂಗಿಯ ಕಾಲರ್ ಬಳಿ ಸೈಕ್ಲೋನ್ ಎಂಬ ಪುಟ್ಟ ಸಾಧನವನ್ನು ಕ್ಲಿಪ್ ಮಾಡುತ್ತೇವೆ. ಗಾಳಿ ಅದರೊಳಗೆ ಸುತ್ತುವಾಗ ದಪ್ಪ ಕಣ ತಳದ ಬಟ್ಟಲಿಗೆ ಬೀಳುತ್ತದೆ, ಸಣ್ಣದು ಮೇಲಿನ ಪಿವಿಸಿ ಫಿಲ್ಟರ್ ಮೇಲೆ ಕೂರುತ್ತದೆ. ಪಂಪು ಗಾಳಿ ಎಳೆಯುವ ವೇಗ ಸೈಕ್ಲೋನ್‌ಗೆ ತಕ್ಕಂತಿರಬೇಕು: 10 ಮಿಲಿಮೀಟರ್ ನೈಲಾನ್ ಸೈಕ್ಲೋನ್‌ಗೆ ನಿಮಿಷಕ್ಕೆ 1.7 ಲೀಟರ್, ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸೈಕ್ಲೋನ್‌ಗೆ 2.5 ಲೀಟರ್. ಪಾಳಿಯ ಮೊದಲೂ ಕೊನೆಗೂ ಇದನ್ನು ಪರೀಕ್ಷಿಸಿ, ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಪಾಳಿಯಲ್ಲಿ ಸಂಗ್ರಹಿಸಿದ ಧೂಳಿನ ಮಾದರಿಯನ್ನು ಕೈಬಿಡುವುದು ಒಳ್ಳೆಯದು. ಮಾದರಿ ಕೆಡುವುದು ಹೆಚ್ಚಾಗಿ ಊಟದ ಹೊತ್ತಿನಲ್ಲಿ. ದಣಿದವರು ಪಂಪಿನ ಸಮೇತ ನೆರಳಿನಲ್ಲಿ ಅಡ್ಡಾಗುತ್ತಾರೆ. ಸೈಕ್ಲೋನ್ ತಲೆಕೆಳಗಾಗಿ ಬಟ್ಟಲಿನ ದಪ್ಪ ಧೂಳೆಲ್ಲ ಫಿಲ್ಟರ್‌ಗೆ ಸುರಿಯುತ್ತದೆ. ಅಳೆಯುವವರು ಪಾಳಿ ಮುಗಿಯುವವರೆಗೂ ಅಲ್ಲೇ ಇದ್ದರೇ ಎಂದು ನೀವು ಮೊದಲು ಕೇಳಬೇಕಾದದ್ದು ಇದಕ್ಕಾಗಿಯೇ.

ಫಿಲ್ಟರ್‌ನ ತೂಕ ನೋಡಿದರೆ ಮುಗಿಯುವುದಿಲ್ಲ. ಪ್ರಯೋಗಾಲಯದಲ್ಲಿ ಎಕ್ಸ್-ರೇ ವಿವರ್ತನೆ ಅಥವಾ ಅತಿಗೆಂಪು ವಿಧಾನದಿಂದ ಕ್ವಾರ್ಟ್ಜ್ ಎಷ್ಟೆಂದು ಪತ್ತೆ ಮಾಡಬೇಕು. ಒಂದು ಉದಾಹರಣೆ ನೋಡಿ. ನಿಮಿಷಕ್ಕೆ 2.5 ಲೀಟರ್‌ನಂತೆ 8 ಗಂಟೆಗೆ 1.2 ಘನ ಮೀಟರ್ ಗಾಳಿ ಹಾದು ಫಿಲ್ಟರ್ 0.48 ಮಿಲಿಗ್ರಾಂ ಹೆಚ್ಚಿದರೆ, ಘನ ಮೀಟರಿಗೆ 0.4 ಮಿಲಿಗ್ರಾಂ ಧೂಳು ಎಂದಾಯಿತು. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದ ಸೂತ್ರದಂತೆ, ಕ್ವಾರ್ಟ್ಜ್‌ನ ಶೇಕಡಾ ಪ್ರಮಾಣಕ್ಕೆ 2 ಕೂಡಿಸಿ, ಅದರಿಂದ 10ನ್ನು ಭಾಗಿಸಿದರೆ ಮಿತಿ ಸಿಗುತ್ತದೆ. ಕ್ವಾರ್ಟ್ಜ್ ಶೇ. 28 ಇದ್ದರೆ ಮಿತಿ 0.33, ಇಲ್ಲಿ ಅದು ಮೀರಿದೆ. ಮಿತಿಯೊಳಗೇ ನಿಂತಿದ್ದರೂ ಕ್ವಾರ್ಟ್ಜ್ ಒಂದೇ ಸುಮಾರು 93 ಮೈಕ್ರೊಗ್ರಾಂ (0.093 ಮಿಲಿಗ್ರಾಂ) ಆಗುತ್ತಿತ್ತು. ಅಮೆರಿಕದಲ್ಲಿ 2016ರ ನಿಯಮ ನಿಗದಿಪಡಿಸಿದ ಮಿತಿ 50 ಮೈಕ್ರೊಗ್ರಾಂ. ನಾನಂತೂ ಮಾಲೀಕರಿಗೆ 50ನ್ನೇ ಗುರಿಯಾಗಿಟ್ಟುಕೊಳ್ಳುವಂತೆ ಒತ್ತಾಯಿಸುತ್ತೇನೆ. 12 ಗಂಟೆಯ ಪಾಳಿಯಾದರೆ ಸರಾಸರಿಯನ್ನು 12ರಿಂದ ಗುಣಿಸಿ 8ರಿಂದ ಭಾಗಿಸಿದ ಮೇಲೆಯೇ ಹೋಲಿಸಬೇಕು.

ಅಳತೆಯ ದಿನ ಕ್ರಷರ್ ಎಂದಿನಂತೆ ಓಡಬೇಕು. ಅಂದು ಮಾತ್ರ ನೀರು ಚಿಮುಕಿಸಿದರೆ, ಅರ್ಧ ಲೋಡಿನಲ್ಲಿ ಓಡಿಸಿದರೆ, ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಸಿಗುವ ಅಂಕಿ ಯಾರ ಉಪಯೋಗಕ್ಕೂ ಬಾರದು. ಜರಡಿಯ ಬಳಿ ಇರುವವರು, ಕಲ್ಲು ಸುರಿಯುವ ಹಾಪರ್ ಬಳಿ ಇರುವವರು, ಬೆಲ್ಟ್ ಕೆಳಗಿನ ಪುಡಿ ಗುಡಿಸುವವರು, ಇವರೆಲ್ಲರಿಗೂ ಬೇರೆ ಬೇರೆ ಪಂಪು ಬೇಕು. ಗುಡಿಸುವ ಹೆಣ್ಣುಮಕ್ಕಳನ್ನು ಬಹುತೇಕರು ಮರೆತೇಬಿಡುತ್ತಾರೆ. ಇಂಥ ಅಳತೆ ಮಾಡಿಸಬೇಕೆಂದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಲಿಖಿತ ಮನವಿ ಕೊಡಿ.

ಪಕ್ಕದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲೇ ಗುರುತಿಸಲಾದ ಈ ಕಾಯಿಲೆ ಇಂದಿಗೂ ವಾಸಿಯಾಗುವಂಥದ್ದಲ್ಲ. ಆದಕಾರಣ ಅಳತೆಗೆ ಕಾಯದೆ ನಿಮ್ಮ ತಮ್ಮನ ಎದೆಯ ಎಕ್ಸ್-ರೇ ಮಾಡಿಸಿ. ಕ್ರಷರ್‌ನಲ್ಲಿ ಎಷ್ಟು ವರ್ಷದಿಂದ, ಯಾವ ಜಾಗದಲ್ಲಿ ಕೆಲಸ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಅದು ತಿಳಿಯದಿದ್ದರೆ ಸಿಲಿಕೋಸಿಸ್ಸನ್ನು ಕ್ಷಯವೆಂದೇ ಭಾವಿಸಿ ಚಿಕಿತ್ಸೆ ನಡೆಯುವ ಸಾಧ್ಯತೆ ಇರುತ್ತದೆ.