ಬಾಗಿಲ ಚೌಕಟ್ಟಿನ ಪಕ್ಕ ಗೋಡೆಯ ಮೇಲೆ ಮಣ್ಣಿನ ಗೆರೆ ಮೂಡಿದೆ. ಇದು ಗೆದ್ದಲೇ? ಏನು ಮಾಡಬೇಕು?

ಹೆಚ್ಚುಕಡಿಮೆ ಖಚಿತವಾಗಿ ಗೆದ್ದಲೇ. ಆ ಗೆರೆಯನ್ನು ಒಂದಿಂಚು ಕೆರೆದು ನೋಡಿ. ಒಳಗೆ ಬಿಳಿ ಹುಳುಗಳಿದ್ದರೆ, ಅಥವಾ ಕೆರೆದ ಜಾಗ ಕೆಲ ದಿನಗಳಲ್ಲಿ ಮತ್ತೆ ಮುಚ್ಚಿಕೊಂಡರೆ ಅವು ಈಗಲೂ ಓಡಾಡುತ್ತಿವೆ ಎಂದರ್ಥ. ಗೂಡು ಸಾಮಾನ್ಯವಾಗಿ ನೆಲದಡಿ ಇರುತ್ತದೆ. ಮೈಯ ತೇವ ಆರದಂತೆ ಅವು ಈ ಮಣ್ಣಿನ ಕೊಳವೆಯೊಳಗೇ ಸಾಗುತ್ತವೆ. ಚೌಕಟ್ಟನ್ನೂ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಒಳಗೆ ತಿಂದಿವೆ. ಮೊದಲ ಮಳೆಯ ನಂತರ ಮನೆಯೊಳಗೆ ಉದುರಿದ ರೆಕ್ಕೆಗಳ ರಾಶಿ ಸಿಕ್ಕರೂ ಎಚ್ಚರವಾಗಿ.

ಸೀಮೆಎಣ್ಣೆ ಸುರಿಯುವುದು ದಯವಿಟ್ಟು ಬೇಡ. ಕಂಡ ಹುಳು ಸಾಯುತ್ತದೆ, ಗೂಡು ಉಳಿಯುತ್ತದೆ, ಬೆಂಕಿಯ ಅಪಾಯ ಬೇರೆ.

ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಕರೆಸಿ. ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ರಂಧ್ರ ಕೊರೆದು ಔಷಧಿ ತುಂಬಿ ಮುಚ್ಚುವುದು ಸರಿಯಾದ ಕ್ರಮ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬಳಸುತ್ತಾರೆಯೇ ಎಂದು ಕೇಳಿ: ಅದು ಇದೆಯೆಂದು ಗೆದ್ದಲಿಗೆ ತಿಳಿಯುವುದಿಲ್ಲ, ಹಾಗಾಗಿ ಒಂದರಿಂದೊಂದಕ್ಕೆ ದಾಟುತ್ತದೆ. ಬರೀ ಮೇಲ್ಮೇಲೆ ಸ್ಪ್ರೇ ಹೊಡೆದು ಹೋಗುವವರಿಗೆ ದುಡ್ಡು ಕೊಡಬೇಡಿ. ಬಾವಿ, ಸಂಪು ಹತ್ತಿರವಿದ್ದರೆ ಮೊದಲೇ ಹೇಳಿ.

ಸೋರುವ ನಲ್ಲಿಯನ್ನು ಇವತ್ತೇ ಸರಿಮಾಡಿಸಿ, ಗೋಡೆಗೆ ಒತ್ತಿಟ್ಟ ಸೌದೆ, ರಟ್ಟಿನ ಡಬ್ಬ ತೆಗೆಯಿರಿ.