ಯುವಿ ದೀಪದಡಿ ಹೊಳೆದರೆ ತರಕಾರಿ ಸೇಫ್ ಅನ್ನುವ ನ್ಯಾನೋ ಕಿಟ್ ನಂಬಬಹುದಾ?

ಕಿಟ್‌ನ ದ್ರಾವಣ ನೀಲಿಯಾಗಿ ಹೊಳೆದರೆ ತರಕಾರಿಯಲ್ಲಿ ಕೀಟಕ್ಕೆ ಹೊಡೆದ ಔಷಧಿ ಉಳಿದಿಲ್ಲ ಅಂತ ಅಂಗಡಿಯವರು ಹೇಳಿದರು, ಮಗುವಿಗೆ ಧೈರ್ಯವಾಗಿ ಕೊಡಬಹುದಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಿ ಧೈರ್ಯ ಮಾಡಬೇಡಿ. ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಇಂಥದ್ದೇ ಸೆನ್ಸರ್ ಮೇಲೆ ಆರು ತಿಂಗಳು ಕೂತಿದ್ದೆ.

ನಾವು ಬಳಸಿದ್ದು ಕಾರ್ಬನ್ ಡಾಟ್. 10 ನ್ಯಾನೋಮೀಟರಿಗಿಂತ ಚಿಕ್ಕ ಇಂಗಾಲದ ಕಣಗಳು. ನೀರಿನಲ್ಲಿ ಕಲಸಿಟ್ಟರೆ ಹಾಲಿಲ್ಲದ ತೆಳು ಟೀ ಥರ ಕಾಣುತ್ತದೆ. ಯುವಿ ದೀಪ ಹಿಡಿದರೆ ಇಡೀ ಸೀಸೆ ನೀಲಿಯಾಗಿ ಬೆಳಗುತ್ತದೆ. ಮ್ಯಾಂಗನೀಸ್ ಡೈಆಕ್ಸೈಡಿನ ಅತಿ ತೆಳು ಹಾಳೆಗಳನ್ನು ಬೆರೆಸಿದರೆ ಬೆಳಕು ಆರುತ್ತದೆ. ಆಮೇಲೆ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಹಾಕುತ್ತೇವೆ. ನಮ್ಮ ನರಗಳಲ್ಲೂ ಕೀಟದ ನರಗಳಲ್ಲೂ ಇರುವ ಕಿಣ್ವ ಇದು. ಜೊತೆಗೆ ಹಾಕಿದ ಅಸಿಟೈಲ್‌ಥಯೋಕೋಲಿನ್ ಅನ್ನುವ ರಾಸಾಯನಿಕವನ್ನು ಇದು ಒಡೆದಾಗ ಥಯೋಕೋಲಿನ್ ಹುಟ್ಟುತ್ತದೆ. ಅದು ಆ ಹಾಳೆಗಳನ್ನು ಕರಗಿಸಿ ಬೆಳಕನ್ನು ವಾಪಸ್ ತರುತ್ತದೆ. ಆರ್ಗನೋಫಾಸ್ಫೇಟ್ ಅನ್ನುವ ಗುಂಪಿನ ಔಷಧಿಗಳು ಕೀಟವನ್ನು ಕೊಲ್ಲುವುದೇ ಈ ಕಿಣ್ವವನ್ನು ಕಟ್ಟಿಹಾಕಿ. ಹಾಗಾಗಿ ತರಕಾರಿಯಲ್ಲಿ ಔಷಧಿ ಇದ್ದರೆ ಬೆಳಕು ಮರಳುವುದಿಲ್ಲ.

ಶುದ್ಧ ನೀರಿನಲ್ಲಿ ಇದು ಚೆನ್ನಾಗಿ ನಡೆಯಿತು. ಒಂದು ದಿನ ಹಸಿಮೆಣಸಿನಕಾಯಿ ಅರೆದು ಸೋಸಿ, ನಾವೇ ಔಷಧಿ ಬೆರೆಸಿ ಇಟ್ಟೆವು. ಕತ್ತಲಾಗಿರಬೇಕಿದ್ದ ಸೀಸೆ ಚೆನ್ನಾಗಿಯೇ ಬೆಳಗಿತು! ಕಾರಣ ವಿಟಮಿನ್ ಸಿ. ಅದೂ ಆ ಹಾಳೆಗಳನ್ನು ಕರಗಿಸುತ್ತದೆ. ಆ ನೀಲಿ ನೋಡಿ ನನಗೆ ನಿಜವಾಗಿ ಭಯವಾಯಿತು. ಯಾರದೋ ಮನೆಯಲ್ಲಿ ಅದನ್ನೇ ಸೇಫ್ ಅಂದುಕೊಳ್ಳುತ್ತಾರೆ ಅಲ್ವಾ? ಪಾಲಕ್‌ನದು ಇನ್ನೊಂದು ಕಥೆ. ಅದರ ಹಸಿರನ್ನು ಆಲ್ಕೋಹಾಲಿನಲ್ಲಿ ತೆಗೆದರೆ ಅದೇ ದೀಪದಡಿ ತಾನೇ ಕೆಂಪಗೆ ಹೊಳೆಯುತ್ತದೆ. ಅಂದರೆ ಹೊಳೆದದ್ದೆಲ್ಲ ಕಿಟ್‌ನ ಬೆಳಕೇ ಅಲ್ಲ.

ಎಲ್ಲಾ ಕಿಟ್‌ಗಳೂ ಹೀಗೇ ಇರುವುದಿಲ್ಲ. ಆದರೆ ಈ ಕಿಣ್ವದ ಮೇಲೆ ನಿಂತ ಯಾವ ಕಿಟ್ಟೂ ಹಿಡಿಯುವುದು ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪನ್ನು ಮಾತ್ರ. ಬೇರೆ ಗುಂಪಿನ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ತಪ್ಪಿಸಿಕೊಳ್ಳುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಸುರಿದ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್ ಕೂಡ ಇದಕ್ಕೆ ಸಿಕ್ಕುತ್ತಿರಲಿಲ್ಲ.

ಹಾಗಂತ ಈ ಕೆಲಸ ದಂಡ ಅಲ್ಲ. ಮಾರುಕಟ್ಟೆಗೆ ಬಂದ ರಾಶಿ ರಾಶಿ ತರಕಾರಿಯನ್ನೆಲ್ಲ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಲ್ಯಾಬ್ ಯಂತ್ರಕ್ಕೆ ಹಾಕಲು ಆಗುವುದಿಲ್ಲ. ಮೊದಲು ಇದರಲ್ಲಿ ಜರಡಿ ಹಿಡಿದು, ಅನುಮಾನ ಬಂದದ್ದನ್ನು ಲ್ಯಾಬಿಗೆ ಕಳಿಸಬಹುದು. ಅದು ಬೇಗ ಆಗಲಿ ಅನ್ನುವುದು ನನ್ನ ಆಸೆ.

ನೀವು ಸದ್ಯಕ್ಕೆ ನಲ್ಲಿ ನೀರಿನ ಕೆಳಗೆ ಕೈಯಿಂದ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಬಹುದಾದ್ದಕ್ಕೆ ತೆಗೆಯಿರಿ. ಮೇಲೆ ಅಂಟಿದ್ದು ಎಷ್ಟೋ ಹೋಗುತ್ತದೆ, ಗಿಡದೊಳಗೆ ಇಳಿದದ್ದು ಹೋಗುವುದಿಲ್ಲ. ಕಿಟ್ ಕೊಳ್ಳಲೇಬೇಕು ಅಂದರೆ, ಯಾವ ಯಾವ ಔಷಧಿ ಹಿಡಿಯುತ್ತದೆ, ಯಾವ ತರಕಾರಿಯ ರಸದಲ್ಲಿ ಪರೀಕ್ಷೆ ಮಾಡಿದ್ದಾರೆ ಅಂತ ಬರಹದಲ್ಲಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ.