ರಾಯರ ತಲೆ ಮೇಲಿನ ಕುಲ್ಲಾಯಿ ಎಲ್ಲಿ ಹೋಯ್ತು?

ಈ ಸಲ ಐತಿಹಾಸಿಕ ಸಿನಿಮಾ, ಸೀರಿಯಲ್, ಆಮೇಲೆ "ಹಳೇ ಕಾಲವೇ ಚೆನ್ನಾಗಿತ್ತು" ಅನ್ನೋ ಥರದ ಸಿನಿಮಾಗಳ ಬಗ್ಗೆನೇ ಜಾಸ್ತಿ ಪತ್ರ ಬಂದಿವೆ. ಹಂಗಾಗಿ ಪೂರ್ತಿ ಅಂಕಣ ಅದಕ್ಕೇ ಕೊಟ್ಟಿದೀನಿ.

ಸರ್, ನೀವು ಐತಿಹಾಸಿಕ ಸಿನಿಮಾ ಅಂದ್ರೆ ಬರೀ ತಪ್ಪು ಹುಡುಕ್ತೀರ. "ಮಯೂರ" ನೋಡಿ ನಮ್ಮಂಥೋರಿಗೆ ಕದಂಬರ ಹೆಸರು ಗೊತ್ತಾಯ್ತು, ಅಷ್ಟು ಸಾಲದಾ? (ಓದುಗರು, ಸಾಗರ)

ನಂಗೂ ಕದಂಬರು ಪರಿಚಯ ಆಗಿದ್ದು ಅಲ್ಲಿಂದ್ಲೇ ಸರ್. 1975ರ ಆ ಸಿನಿಮಾದಲ್ಲಿ ಅಣ್ಣಾವ್ರು ನಿಂತಿರೋ ನಿಲುವಿಗೆ ಇವತ್ತಿಗೂ ಕೈ ಮುಗೀತೀನಿ. ಕಥೆ ಅಂದ್ಮೇಲೆ ಒಂದಿಷ್ಟು ಕಟ್ಟಿ ಹೇಳ್ಲೇಬೇಕು, ಅದ್ರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ನಡೆದಿದ್ದೇ ದೊಡ್ಡದಾಗಿದ್ದಾಗ ಅದನ್ನ ಯಾಕೆ ಚಿಕ್ಕದು ಮಾಡಬೇಕು?

ನಿಮ್ಮ ಸಾಗರದಿಂದ ತಾಳಗುಂದ ಏನೂ ದೂರ ಇಲ್ಲ, ಶಿರಾಳಕೊಪ್ಪದ ಹತ್ರ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ, ಅದ್ರ ಮೇಲೆ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಕದಂಬರ ಕಥೆ ಬರೆದಿದಾನೆ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋಗ್ತಾನೆ, ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳ ಆಗುತ್ತೆ, ಆ ಅವಮಾನ ತಡೀಲಾರದೆ ದರ್ಭೆ ಹಿಡೀತಿದ್ದ ಕೈಯಲ್ಲಿ ಕತ್ತಿ ಹಿಡಿದು ಗಡಿ ಕಾವಲಿನವರನ್ನ ಸೋಲಿಸಿ ಶ್ರೀಪರ್ವತದ ಕಾಡು ಸೇರ್ಕೋತಾನೆ, ಬೃಹದ್ಬಾಣರು ಅನ್ನೋ ಅರಸರ ಹತ್ರ ಕಪ್ಪ ವಸೂಲಿ ಮಾಡ್ತಾನೆ, ಕೊನೆಗೆ ಪಲ್ಲವರೇ ಇವನ ಜೊತೆ ರಾಜಿಗೆ ಬಂದು ಇವನನ್ನ ಒಪ್ಕೋಬೇಕಾಗುತ್ತೆ. ಓದೋಕೆ ಹೋದ ಹುಡುಗ, ಬೆನ್ನಿಗೆ ಸೈನ್ಯ ಇಲ್ಲ, ಅಪ್ಪನ ಸಿಂಹಾಸನ ಇಲ್ಲ.

ಸಿನಿಮಾದಲ್ಲಿ ಅವನು ಹುಟ್ಟಿದಾಗ್ಲಿಂದ್ಲೇ ರಾಜಕುಮಾರ, ವಿಷಯ ಗೊತ್ತಿಲ್ದೆ ಬ್ರಾಹ್ಮಣರ ಮನೇಲಿ ಬೆಳೆದಿರ್ತಾನೆ ಅಷ್ಟೇ. ಹಂಗಾದಾಗ ಅವನು ಕಳ್ಕೊಂಡಿದ್ದನ್ನ ವಾಪಸ್ ತಗೊಂಡ ಅಂತಾಯ್ತಲ್ಲ! ರಾಜವಂಶದ ರಕ್ತ ಇದ್ರೇನೇ ರಾಜ್ಯ ಕಟ್ಟೋಕೆ ಆಗೋದು ಅನ್ನೋ ನಂಬಿಕೆ ಶಾಸನ ಬರೆದ ಕುಬ್ಜನಿಗೇ ಇರ್ಲಿಲ್ಲ, 20ನೇ ಶತಮಾನದ ನಮಗ್ಯಾಕೆ ಬೇಕಿತ್ತು ಅದು? ಒಂದ್ಸಲ ತಾಳಗುಂದಕ್ಕೆ ಹೋಗಿ ಬನ್ನಿ.

ನಿಮಗೆ ಪೂರ್ತಿ ಇಷ್ಟ ಆದ ಐತಿಹಾಸಿಕ ದೃಶ್ಯ ಒಂದಾದ್ರೂ ಇದೆಯಾ? (ಓದುಗರು, ಚಿತ್ರದುರ್ಗ)

ನಿಮ್ಮೂರಿಂದೇ. 1972ರ "ನಾಗರಹಾವು" ಐತಿಹಾಸಿಕ ಸಿನಿಮಾ ಅಲ್ವೇ ಅಲ್ಲ, ಆದ್ರೂ ಅದರ ಒಂದೇ ಹಾಡಲ್ಲಿ ಪುಟ್ಟಣ್ಣ ಕಣಗಾಲ್ ಮತ್ತೆ ಜಯಂತಿ ಅವರು ಒನಕೆ ಓಬವ್ವನನ್ನ ಕಣ್ಣೆದುರು ತಂದು ನಿಲ್ಲಿಸಿದ್ರು. ಕೋಟೆ ಕಾಯೋನ ಹೆಂಡ್ತಿ, ಗಂಡ ಊಟಕ್ಕೆ ಕೂತಿದಾನೆ, ಕೈಗೆ ಸಿಕ್ಕಿದ್ದು ಒನಕೆ. ದರ್ಬಾರು ಇಲ್ಲ, ಉದ್ದುದ್ದ ಡೈಲಾಗ್ ಇಲ್ಲ.

ಕೃಷ್ಣದೇವರಾಯ ಅಂದ ತಕ್ಷಣ ಕಿರೀಟ, ಮೈತುಂಬ ಬಂಗಾರ ತೋರಿಸ್ತಾರೆ. ನಿಜವಾಗ್ಲೂ ಹಂಗೇ ಇದ್ರಾ? (ಓದುಗರು, ಹೊಸಪೇಟೆ)

ಇಂಥ ಪ್ರಶ್ನೆಗೇ ಕಾಯ್ತಾ ಇದ್ದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಆಸುಪಾಸಲ್ಲಿ ರಾಯರನ್ನ ಕಣ್ಣಾರೆ ನೋಡಿ ಬರೆದಿಟ್ಟಿದಾನೆ. ಮಧ್ಯಮ ಎತ್ತರ, ಬೆಳ್ಳಗಿನ ಬಣ್ಣ, ತೆಳ್ಳಗಿಲ್ಲ, ಸ್ವಲ್ಪ ದಪ್ಪ ಅನ್ನಬಹುದಾದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬಟ್ಟೆ ಬಿಳಿ, ಅದ್ರ ಮೇಲೆ ಬಂಗಾರದ ಎಳೆಯಲ್ಲಿ ಗುಲಾಬಿ ಕಸೂತಿ, ಕತ್ತಲ್ಲಿ ವಜ್ರದ ಹಾರ, ತಲೆ ಮೇಲೆ ಜರತಾರಿ ಟೋಪಿ. ದಿನಾ ಬೆಳಕು ಹರಿಯೋ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆ ಎಲ್ಲ ಬೆವರಾಗಿ ಇಳಿಯೋವರ್ಗೂ ಕಸರತ್ತು, ಆಮೇಲೆ ಪೈಲ್ವಾನನ ಜೊತೆ ಕುಸ್ತಿ, ಅದಾದ್ಮೇಲೆ ಕುದುರೆ ಏರಿ ಬಯಲಲ್ಲಿ ಓಡಿಸೋದು. ಇಂಥ ರಾಜನನ್ನ ಯಾವ ಸಿನಿಮಾದಲ್ಲಾದ್ರೂ ನೋಡಿದೀರಾ? ಸಿಡುಬಿನ ಕಲೆ ಇರೋ ಮುಖ, ಬೆವರು ಸುರಿಸ್ತಿರೋ ಮೈ, ಅದಕ್ಕಿಂತ ಒಳ್ಳೆ ಓಪನಿಂಗ್ ಸೀನ್ ಯಾವ ರೈಟರ್ ಬರೀತಾನೆ?

ಆ ಟೋಪಿ ಹೆಸರೇ ಕುಲ್ಲಾಯಿ. ಎತ್ತರಕ್ಕೆ ಶಂಕುವಿನ ಥರ ಇರುತ್ತೆ. ತಿರುಮಲ ದೇವಸ್ಥಾನದಲ್ಲಿ ರಾಯರು ತಿರುಮಲದೇವಿ, ಚಿನ್ನಾದೇವಿ ಜೊತೆ ಕೈಮುಗಿದು ನಿಂತಿರೋ ಲೋಹದ ವಿಗ್ರಹ ಇದೆ, ಅಲ್ಲೂ ಅವರ ತಲೆ ಮೇಲೆ ಅದೇ ಕುಲ್ಲಾಯಿ. ಲೇಪಾಕ್ಷಿಯ ಚಿತ್ರಗಳಲ್ಲೂ ಅದೇ. ಅದ್ರ ಜೊತೆ ಹಾಕ್ತಿದ್ದ ಉದ್ದನೆ ಅಂಗಿ ಕಬಾಯಿ, ಪರ್ಷಿಯಾ, ಅರೇಬಿಯಾ ಕಡೆ ದರ್ಬಾರುಗಳ ರೂಢಿ. 15ನೇ ಶತಮಾನದ ತೆಲುಗು ಕವಿ ಶ್ರೀನಾಥ ಕರ್ಣಾಟದ, ಅಂದ್ರೆ ವಿಜಯನಗರದ, ಆಸ್ಥಾನಕ್ಕೆ ಬರೋಕೆ ತಾನು ಕುಲ್ಲಾಯಿ ಇಟ್ಕೊಂಡು ದೊಡ್ಡ ಅಂಗಿ ತೊಡಬೇಕಾಯ್ತು ಅಂತ ಪದ್ಯದಲ್ಲೇ ಗೋಳಾಡ್ಕೊಂಡಿದಾನೆ!

ನಂಗೆ ಇದ್ರಲ್ಲಿ ಹೆಮ್ಮೆ ಅನ್ಸುತ್ತೆ. ಭಟ್ಕಳದಂಥ ಬಂದರಿಗೆ ಅರಬ್ಬೀ ಕುದುರೆ ಇಳಿಸ್ಕೊಳ್ತಿದ್ದ, ಸೈನ್ಯದಲ್ಲಿ ಮುಸ್ಲಿಂ ಬಿಲ್ಗಾರರನ್ನ ಇಟ್ಕೊಂಡಿದ್ದ, ಪೋರ್ಚುಗೀಸರ ಜೊತೆ ವ್ಯವಹಾರ ಮಾಡ್ತಿದ್ದ ರಾಜಧಾನಿ ಅದು, ಇಡೀ ಜಗತ್ತಿನ ಬಟ್ಟೆ, ರುಚಿ, ಮಾತು ಎಲ್ಲ ಅಲ್ಲಿ ಓಡಾಡ್ತಿತ್ತು. ಕುಲ್ಲಾಯಿ ತೆಗೆದು ಕ್ಯಾಲೆಂಡರ್ ದೇವರ ಕಿರೀಟ ಇಟ್ಟ ತಕ್ಷಣ ಅದೆಲ್ಲ ಮಾಯ ಆಗಿ ಹಂಪಿ ಒಂದು ಸಣ್ಣ ಸ್ಟೇಜ್ ಆಗ್ಬಿಡುತ್ತೆ.

ರಾಜರೆಲ್ಲ ಯಾಕೆ ಅಷ್ಟು ಗ್ರಾಂಥಿಕವಾಗಿ ಮಾತಾಡ್ತಾರೆ? (ಓದುಗರು, ಧಾರವಾಡ)

ಅದು ಕಂಪನಿ ನಾಟಕದ ಬಳುವಳಿ. ಮೈಕ್ ಇಲ್ದಿದ್ದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳ್ಬೇಕಿತ್ತು, ಹಂಗಾಗಿ ಆ ಏರುದನಿ, ಆ ಲಯ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರೇ ಸಿನಿಮಾಕ್ಕೂ ಬಂದಿದ್ದು, ಅಣ್ಣಾವ್ರೂ ಅಲ್ಲಿಂದ್ಲೇ. ಇಮ್ಮಡಿ ಪುಲಕೇಶಿ ಕಾಲದ ಕನ್ನಡದಲ್ಲೇ ಮಾತಾಡಿಸಿದ್ರೆ ನಮಗ್ಯಾರಿಗೂ ಅರ್ಥ ಆಗಲ್ಲ ಬಿಡಿ, ಆ ಕಂಪನಿ ಕನ್ನಡ ನಂಗೆ ಕೇಳೋಕೂ ಇಷ್ಟ. ಇದನ್ನ ಬದಲಾಯಿಸಿ ಅಂತ ನಾನ್ಯಾವತ್ತೂ ಕೇಳಲ್ಲ.

70, 80ರ ದಶಕದ ಬೆಂಗಳೂರು ತೋರಿಸೋ ಸಿನಿಮಾ ನೋಡಿದ್ರೆ ಕಣ್ಣು ತುಂಬಿ ಬರುತ್ತೆ. ಇದನ್ನೂ ಬೇಡ ಅಂತೀರಾ? (ಓದುಗರು, ನ್ಯೂಜೆರ್ಸಿ)

ಬೇಡ ಅನ್ನಲ್ಲ ಮೇಡಂ. ಅಷ್ಟು ದೂರದಲ್ಲಿ ಕೂತು ಆ ರೇಡಿಯೋ ದನಿ, ಆ ಬಸವನಗುಡಿ ರಸ್ತೆ ನೋಡಿದ್ರೆ ಕರುಳು ಚುರ್ ಅನ್ನುತ್ತೆ, ಅದು ಸುಳ್ಳಲ್ಲ. ಆದ್ರೆ ಬಹಳ ಸಿನಿಮಾಗಳಲ್ಲಿ ಬೆಲ್‌ಬಾಟಮ್ ಪ್ಯಾಂಟ್, ಚೇತಕ್ ಸ್ಕೂಟರ್, ಕಪ್ಪು ಫೋನ್ ಇಷ್ಟೇ ಇರುತ್ತೆ, ಆ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಲೆ ಕಾಯ್ತಿದ್ರು ಅನ್ನೋದು, ಸೀಮೆಎಣ್ಣೆಗೆ ಕ್ಯೂ ನಿಲ್ತಿದ್ರು ಅನ್ನೋದು, ಟ್ರಂಕ್ ಕಾಲ್ ಸಿಗೋವರ್ಗೂ ಸಾವಿನ ಸುದ್ದಿ ಕೂಡ ತಲುಪ್ತಿರ್ಲಿಲ್ಲ ಅನ್ನೋದು ಇರಲ್ಲ.

ಎಮರ್ಜೆನ್ಸಿನೇ ತಗೊಳ್ಳಿ. 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಲ್ಲೇ ಅರೆಸ್ಟ್ ಆದ್ರು, ಅವರನ್ನಿಟ್ಟ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. "ಸಂಸ್ಕಾರ"ದಲ್ಲಿ ಚಂದ್ರಿ ಆಗಿದ್ದ ಸ್ನೇಹಲತಾ ರೆಡ್ಡಿಯವರನ್ನೂ ಅದೇ ಜೈಲಲ್ಲಿಟ್ರು, ಆಸ್ತಮಾ ಇದ್ದ ಹೆಣ್ಣುಮಗಳು, 1977ರ ಜನವರಿಯಲ್ಲಿ ಪರೋಲ್ ಮೇಲೆ ಹೊರಗೆ ಬಂದು ಕೆಲವೇ ದಿನಕ್ಕೆ ತೀರ್ಕೊಂಡ್ರು. ನಮ್ಮದೇ ಸಿನಿಮಾದ ನಟಿ ಅವರು! ಆ ಕಾಲದ ಬೆಂಗಳೂರು ತೋರಿಸೋ ಸಿನಿಮಾದಲ್ಲಿ ಅವರ ನೆನಪು ಒಂದು ಗಳಿಗೆ ಕೂಡ ಬರದೇ ಇದ್ರೆ ನಂಗೆ ತುಂಬ ಬೇಜಾರಾಗುತ್ತೆ.

ನಿಮ್ಮ ಕೈಗೆ ದುಡ್ಡು ಕೊಟ್ಟು ಸಿನಿಮಾ ಮಾಡಿ ಅಂದ್ರೆ ಯಾವ ಕಥೆ ಮಾಡ್ತೀರಾ? (ಓದುಗರು, ಮದ್ದೂರು)

ನಿಮ್ಮ ತಾಲೂಕಿನ ಆತಕೂರು ಶಾಸನದ ಕಥೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ, ಕೃಷ್ಣನ ಕಡೆ ಇದ್ದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನ ಕೊಲ್ತಾನೆ. ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರ ಅನ್ನೋ ವೀರನಿಗೆ ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಬಂಗಾರ ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೇಳಿದ. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡ್ತಿರೋ ಕೆತ್ತನೆನೂ ಇದೆ.

ಯುದ್ಧದ ಸೀನ್ ನಾನು ಹತ್ತು ನಿಮಿಷದಲ್ಲಿ ಮುಗಿಸ್ತೀನಿ. ಉಳಿದದ್ದೆಲ್ಲ ಮಣಲೇರ ಮತ್ತೆ ಕಾಳಿದು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನದ್ದು, ಈ ಅಂಕಣ ಓದೋ ಡೈರೆಕ್ಟರ್ ಯಾರಾದ್ರೂ ಇದ್ರೆ ದಯವಿಟ್ಟು ಅದರ ಬಗ್ಗೆ ಓದಿ, ಕಥೆ ಮಾಡಿ.